ಗೇರುಸೊಪ್ಪೆಯ ಹೆಸರು ಹೊತ್ತ ಬೆಳ್ಳಿಯ ಹಡಗು

ಗೇರುಸೊಪ್ಪೆ ಎಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಶರಾವತಿಯ ಕಣಿವೆ, ಕಾಡಿನ ನಡುವಿನ ಚತುರ್ಮುಖ ಬಸದಿ ಮತ್ತು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ. ಬ್ರಿಟಿಷರ ಪಾಲಿಗೆ ಮಾತ್ರ ಗೇರುಸೊಪ್ಪೆ ಎಂದರೆ ಊರಿಗಿಂತ ಹೆಚ್ಚಾಗಿ ಜಲಪಾತ. ಕನ್ನಡಿಗರು ಜೋಗವೆಂದು ಕರೆಯುವುದನ್ನು ಅವರ ಬರಹಗಳು 'ಗೇರುಸೊಪ್ಪಾ ಫಾಲ್ಸ್' ಎಂದೇ ದಾಖಲಿಸಿವೆ. ಆ ಜಲಪಾತದ ಕೀರ್ತಿ ಎಷ್ಟಿತ್ತೆಂದರೆ, ಶರಾವತಿಯ ಅಳಿವೆಯೊಳಗೆ ಬರಲಾರದಷ್ಟು ದೊಡ್ಡದಾದ ಒಂದು ಹಡಗಿಗೂ ಅದರ ಹೆಸರನ್ನೇ ಇಟ್ಟರು. ಆ ಹಡಗು ಇಂದು ಅಟ್ಲಾಂಟಿಕ್ ಸಾಗರದ ತಳದಲ್ಲಿದೆ. ಬಹುಕಾಲ ಅದರ ಹೊಟ್ಟೆಯಲ್ಲಿ ಸುಮಾರು ನೂರು ಟನ್ ಬೆಳ್ಳಿಯೂ ಇತ್ತು.

ಎಸ್.ಎಸ್. ಗೈರ್‌ಸೊಪ್ಪಾ ಎಂಬ ಈ ಹಡಗು ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿದ್ದ ಪಾಮರ್ಸ್ ಕಾರ್ಖಾನೆಯಲ್ಲಿ ಸಿದ್ಧವಾಗಿ 1919ರಲ್ಲಿ ನೀರಿಗಿಳಿಯಿತು. ಮೊದಲ ಮಹಾಯುದ್ಧದ ತುರ್ತಿಗೆಂದು ಆರಂಭವಾದ ಹಡಗುಗಳಲ್ಲಿ ಇದೂ ಒಂದು. ಮೊದಲು ಗೊತ್ತುಮಾಡಿದ್ದ ಹೆಸರು 'ವಾರ್ ರೋಬಕ್'. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಅದನ್ನು ಕೊಂಡು, ತನ್ನ ಪದ್ಧತಿಯಂತೆ 'ಆ'ಕಾರದಲ್ಲಿ ಕೊನೆಯಾಗುವ ಹೆಸರಿಟ್ಟಿತು. ಉದ್ದ ಸುಮಾರು 412 ಅಡಿ, ಗ್ರಾಸ್ ಟನ್ನೇಜ್ 5,237. ಪ್ರಯಾಣಿಕರ ವೈಭವದ ಹಡಗಲ್ಲ. ಸರಕು ಹೇರುವುದು, ಇಳಿಸುವುದು, ಮತ್ತೆ ಹೇರುವುದು, ಇಷ್ಟೇ ಇದರ ಬಾಳು. ಎರಡನೇ ಮಹಾಯುದ್ಧ ಬರದಿದ್ದರೆ ಹಳೆಯ ಕಬ್ಬಿಣದ ಬೆಲೆಗೆ ಮಾರಾಟವಾಗಿ ಯಾರ ನೆನಪಿನಲ್ಲಿಯೂ ಉಳಿಯುತ್ತಿರಲಿಲ್ಲ.

1940ರ ಡಿಸೆಂಬರ್‌ನಲ್ಲಿ ಗೈರ್‌ಸೊಪ್ಪಾ ಕಲ್ಕತ್ತೆಯಿಂದ ಹೊರಟಿತು. ಹೇರಿದ್ದ ಸರಕು ಏಳು ಸಾವಿರ ಟನ್ನಿಗೆ ಹತ್ತಿರ. ಅದರಲ್ಲಿ ಬೀಡು ಕಬ್ಬಿಣವಿತ್ತು, ಪೆಟ್ಟಿಗೆಗಟ್ಟಲೆ ಚಹಾ ಇತ್ತು, ಅಂಚೆ ಚೀಲಗಳಿದ್ದವು. ಇವುಗಳ ನಡುವೆ ಬೆಳ್ಳಿಯ ಗಟ್ಟಿಗಳಿದ್ದವು. ಬ್ರಿಟನ್ನಿಗೆ ಆಗ ಎಲ್ಲವೂ ಬೇಕಿತ್ತು. ಬಾಂಬು ಬೀಳುತ್ತಿದ್ದ ಲಂಡನ್ನಿಗೆ ಚಹಾ ಎಷ್ಟು ಮುಖ್ಯವೋ, ಯುದ್ಧ ನಡೆಸುವ ಖಜಾನೆಗೆ ಬೆಳ್ಳಿಯೂ ಅಷ್ಟೇ ಮುಖ್ಯ. ಭಾರತದಲ್ಲಿಯೂ ಬೆಳ್ಳಿಗೆ ಸುಭಿಕ್ಷ ಕಾಲವೇನೂ ಆಗಿರಲಿಲ್ಲ. ಅದುವರೆಗೆ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿ ನಾಣ್ಯವನ್ನು ಸರ್ಕಾರ ಅದೇ 1940ರಲ್ಲಿ ಅರ್ಧಪಾಲು ಬೆಳ್ಳಿಗೆ ಇಳಿಸಿತು. ಹಳೆಯ 'ಅಪ್ಪಟ ಬೆಳ್ಳಿ ರೂಪಾಯಿ'ಗಳನ್ನು ಅಜ್ಜಿಯರು ಗಡಿಗೆಯಲ್ಲಿ ಬಚ್ಚಿಟ್ಟುಕೊಳ್ಳತೊಡಗಿದ ಕಾಲ ಅದು.

ಸಾಲು ತಪ್ಪಿದ ಹಡಗು

ಮೆಡಿಟರೇನಿಯನ್ ಮಾರ್ಗ ಯುದ್ಧದಿಂದಾಗಿ ಸುರಕ್ಷಿತವಾಗಿರಲಿಲ್ಲ. ಆದ್ದರಿಂದ ಹಡಗು ಆಫ್ರಿಕವನ್ನು ಸುತ್ತಿ, ಪಶ್ಚಿಮ ತೀರದ ಸಿಯೆರಾ ಲಿಯೋನ್ ದೇಶದ ಫ್ರೀಟೌನ್ ಬಂದರಿಗೆ ಬಂತು. ಅಲ್ಲಿ ಇತರ ಹಡಗುಗಳೊಡನೆ ಕೂಡಿಕೊಂಡು 1941ರ ಜನವರಿ 30ರಂದು ಬ್ರಿಟನ್ನಿನತ್ತ ಹೊರಟಿತು. ಜರ್ಮನ್ ಜಲಾಂತರ್ಗಾಮಿಗಳಿಗೆ ಹೆದರಿ ವ್ಯಾಪಾರಿ ಹಡಗುಗಳು ಹೀಗೆ ಹಿಂಡುಹಿಂಡಾಗಿ ಸಾಗುವುದು ಆಗಿನ ರೂಢಿ. ಈ ಹಿಂಡಿಗೆ ಎಸ್‌ಎಲ್ 64 ಎಂದು ಹೆಸರು.

ಹಿಂಡಿನ ಜೊತೆ ಸಾಗುವುದರಲ್ಲಿ ಒಂದು ಕಷ್ಟವಿದೆ. ಎಲ್ಲರ ವೇಗವೂ ಒಂದೇ ಇರಬೇಕು. ಭಾರ ಹೊತ್ತಿದ್ದ ಗೈರ್‌ಸೊಪ್ಪಾಕ್ಕೆ ಫೆಬ್ರುವರಿಯ ಬಿರುಗಾಳಿಯಲ್ಲಿ ಏದುಸಿರು ಬಂತು. ಗಂಟೆಗೆ ಎಂಟು ನಾಟಿಕಲ್ ಮೈಲಿಯ ನಡಿಗೆಯೂ ಅದಕ್ಕೆ ಸಾಧ್ಯವಾಗಲಿಲ್ಲ. ಅಲೆಗಳ ವಿರುದ್ಧ ಹೆಣಗುವ ಉಗಿ ಹಡಗು ಕಲ್ಲಿದ್ದಲನ್ನು ಲೆಕ್ಕಕ್ಕಿಂತ ಹೆಚ್ಚು ತಿನ್ನುತ್ತದೆ. ಇರುವ ಕಲ್ಲಿದ್ದಲಿನಲ್ಲಿ ಗುರಿ ಮುಟ್ಟುವುದು ಕಷ್ಟವೆಂದು ಕಂಡಾಗ ಕ್ಯಾಪ್ಟನ್ ಜೆರಾಲ್ಡ್ ಹೈಲ್ಯಾಂಡ್ ಫೆಬ್ರುವರಿ 14ರಂದು ಹಿಂಡನ್ನು ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ಬಂದರಿನತ್ತ ಹಡಗನ್ನು ತಿರುಗಿಸಿದ. ಅದು ತಪ್ಪು ತೀರ್ಮಾನವೆಂದು ಇಂದು ಕುಳಿತು ಹೇಳುವುದು ಸುಲಭ. ಕಲ್ಲಿದ್ದಲು ಮುಗಿದು ನಡುಗಡಲಿನಲ್ಲಿ ನಿಂತ ಹಡಗು ಇನ್ನೂ ಸುಲಭದ ಬೇಟೆ ಎಂಬುದನ್ನು ಆತ ಬಲ್ಲವನಾಗಿದ್ದ.

ಎರಡು ದಿನ ಕಳೆಯಿತು. ಫೆಬ್ರುವರಿ 16ರಂದು ಜರ್ಮನಿಯ ಗಸ್ತು ವಿಮಾನವೊಂದು ಹಡಗಿನ ಮೇಲೆ ಸುತ್ತುಹಾಕಿ ಹೋಯಿತು. ಸಂಜೆಯ ಹೊತ್ತಿಗೆ ಅರ್ನ್ಸ್ಟ್ ಮೆಂಗರ್ಸನ್‌ನ ನಾಯಕತ್ವದ ಯು-101 ಜಲಾಂತರ್ಗಾಮಿ ಅದನ್ನು ಕಂಡುಹಿಡಿಯಿತು. ಅಂದು ರಾತ್ರಿ ಒಂದು ಟಾರ್ಪೆಡೊ ಹಡಗಿನ ಬಲ ಪಕ್ಕೆಯನ್ನು ಸೀಳಿತು. ಮುಂದಿನ ಕೂವೆಮರ ಉರುಳಿ ಬೀಳುವಾಗ ನಿಸ್ತಂತು ತಂತಿಗಳನ್ನೂ ಹರಿದುಕೊಂಡೇ ಬಿತ್ತು. ಹೀಗಾಗಿ 'ಮುಳುಗುತ್ತಿದ್ದೇವೆ, ಇಂಥಲ್ಲಿ ಇದ್ದೇವೆ' ಎಂಬ ಸಂದೇಶ ಹೊರಗೆ ಹೋಗಲೇ ಇಲ್ಲ. ಎಪ್ಪತ್ತು ವರ್ಷಗಳ ನಂತರ ಹುಡುಕಲು ಹೊರಟವರಿಗೂ ಈ ಮೌನವೇ ದೊಡ್ಡ ತೊಡಕಾಯಿತು. ಇಪ್ಪತ್ತು ನಿಮಿಷಗಳಲ್ಲಿ ಹಡಗು ಮಾಯವಾಯಿತು.

ಮೂರು ಜೀವರಕ್ಷಕ ದೋಣಿಗಳು ನೀರಿಗಿಳಿದವು. ಎರಡರ ಸುದ್ದಿ ಮತ್ತೆ ಬರಲಿಲ್ಲ. ಮೂರನೆಯದರಲ್ಲಿ ಮೂವತ್ತೊಂದು ಜನರಿದ್ದರು. ಎಂಟು ಮಂದಿ ಯುರೋಪಿಯನ್ನರು, ಉಳಿದ ಇಪ್ಪತ್ತಮೂರು ಮಂದಿ ಭಾರತದ ನಾವಿಕರು, ಅಂದರೆ ಆಗಿನ ಹಡಗು ಕಂಪನಿಗಳ ಭಾಷೆಯಲ್ಲಿ 'ಲಸ್ಕರ್'ಗಳು. ಚುಕ್ಕಾಣಿ ಹಿಡಿದವನು ಎರಡನೆಯ ಅಧಿಕಾರಿ ರಿಚರ್ಡ್ ಏರ್ಸ್. ದೋಣಿಯಲ್ಲಿ ಹಾಯಿ ಇತ್ತು, ಒಂದಿಷ್ಟು ಬಿಸ್ಕತ್ತು ಇತ್ತು, ನೀರು ಮಾತ್ರ ಬಹಳ ಕಡಿಮೆ. ಫೆಬ್ರುವರಿಯ ಉತ್ತರ ಅಟ್ಲಾಂಟಿಕ್ ಎಂದರೆ ಮೈಮೇಲೆ ಬಿದ್ದ ಪ್ರತಿ ಅಲೆಯೂ ಮಂಜುಗಡ್ಡೆಯ ನೀರು. ಕೈಕಾಲುಗಳ ರಕ್ತ ಹೆಪ್ಪುಗಟ್ಟಿ ಮೊದಲು ಕೆಲವರು ಸತ್ತರು. ನೀರು ಮುಗಿದ ಮೇಲೆ ಬಾಯಾರಿಕೆ ತಡೆಯದೆ ಕಡಲ ನೀರು ಕುಡಿದವರು ಬುದ್ಧಿ ಭ್ರಮಿಸಿ ಸತ್ತರು. ದಿನವೂ ಯಾರನ್ನಾದರೂ ನೀರಿಗೆ ಒಪ್ಪಿಸುವುದು, ಮತ್ತೆ ಹಾಯಿಯನ್ನು ಪೂರ್ವಕ್ಕೆ ತಿರುಗಿಸುವುದು. ಮುನ್ನೂರು ಮೈಲಿ ಹೀಗೆಯೇ ಸಾಗಿತು.

ಹದಿಮೂರನೆಯ ದಿನ, ಮಾರ್ಚ್ 1ರಂದು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಲಿಜರ್ಡ್ ಎಂಬ ಭೂಶಿರ ಕಾಣಿಸಿತು. ದೋಣಿಯಲ್ಲಿ ಆಗ ಉಸಿರು ಉಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ. ದಡದ ಬಂಡೆಗಳ ಮೇಲೆ ಅಡ್ಡಾಡುತ್ತಿದ್ದ ಮೂವರು ಹುಡುಗಿಯರು, ಬಾಂಬು ದಾಳಿಯಿಂದ ಪಾರಾಗಲೆಂದು ಲಂಡನ್ನಿನಿಂದ ಅಲ್ಲಿಗೆ ಬಂದಿದ್ದವರು, ಅದನ್ನು ಮೊದಲು ಕಂಡು ಕೂಗಿಕೊಂಡರು. ಆದರೆ ತೀರದ ಅಲೆಗೆ ದೋಣಿ ಮಗುಚಿತು. ಹದಿಮೂರು ದಿನ ಸಾವನ್ನು ದೂರವಿಟ್ಟವರು ದಡದಿಂದ ಕೂಗಳತೆಯಲ್ಲಿ ಮುಳುಗಿದರು. ಹಗ್ಗ ಹಿಡಿದು ಎಳೆದುಕೊಂಡ ಒಬ್ಬನೇ ಒಬ್ಬ ಬದುಕಿದ. ಅವನು ಏರ್ಸ್. ಒಂಬತ್ತು ತಿಂಗಳಲ್ಲಿ ಚೇತರಿಸಿಕೊಂಡು ಮತ್ತೆ ಹಡಗು ಹತ್ತಿದ ಈತನಿಗೆ ಸರ್ಕಾರ ಎಂಬಿಇ ಬಿರುದು ಕೊಟ್ಟಿತು. 1992ರವರೆಗೆ ಬಾಳಿದ ಏರ್ಸ್, ಹಡಗು ಪತ್ತೆಯಾದದ್ದನ್ನು ನೋಡಲಿಲ್ಲ. ಹಡಗಿನಲ್ಲಿದ್ದ ಉಳಿದ ಸುಮಾರು 85 ಮಂದಿಯಲ್ಲಿ ಯಾರೂ ಬದುಕಲಿಲ್ಲ.

ಕಡಲ ತಳದಲ್ಲಿ ಉಳುಮೆ

ಯುದ್ಧಕಾಲದಲ್ಲಿ ಹಡಗುಗಳಿಗೆ ವಿಮೆ ಕೊಡುವ ಧೈರ್ಯ ಖಾಸಗಿ ಕಂಪನಿಗಳಿಗಿರಲಿಲ್ಲ. ದಿನಕ್ಕೊಂದರಂತೆ ಹಡಗು ಮುಳುಗುತ್ತಿದ್ದಾಗ ಯಾವ ವಿಮೆಗಾರ ತಾನೇ ಉಳಿದಾನು? ಆದ್ದರಿಂದ ಬ್ರಿಟಿಷ್ ಸರ್ಕಾರವೇ ಯುದ್ಧವಿಮೆಯ ಹೊಣೆ ಹೊತ್ತಿತ್ತು. ಗೈರ್‌ಸೊಪ್ಪಾದ ವಿಮೆ ಮಾಡಿದ ಬೆಳ್ಳಿಗಾಗಿ ಅದರ ಒಡೆಯರಿಗೆ ಸರ್ಕಾರ 1941ರಲ್ಲಿಯೇ ಸುಮಾರು 3,25,000 ಪೌಂಡು ತೆತ್ತಿತು. ವಿಮೆಯ ಕಾನೂನಿನಲ್ಲಿ ಒಂದು ಸರಳ ಸೂತ್ರವಿದೆ. ಕಳೆದುಹೋದ ವಸ್ತುವಿಗೆ ಪೂರ್ತಿ ಬೆಲೆ ಕೊಟ್ಟವನು ಆ ವಸ್ತುವಿನ ಒಡೆಯನಾಗುತ್ತಾನೆ, ಅದು ಕಡಲ ತಳದಲ್ಲಿದ್ದರೂ ಸರಿ. ಹೀಗೆ ಯಾರ ಕೈಗೂ ಎಟುಕದ ಬೆಳ್ಳಿ ಬ್ರಿಟಿಷ್ ಸರ್ಕಾರದ ಆಸ್ತಿಪಟ್ಟಿಯಲ್ಲಿ ಸೇರಿಕೊಂಡಿತು.

ಎಟುಕದು ಎಂಬುದಕ್ಕೆ ಕಾರಣ ಆಳ. ಹಡಗು ಬಿದ್ದಿದ್ದು ಸುಮಾರು 4,700 ಮೀಟರ್ ಕೆಳಗೆ. ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಆಳದಲ್ಲಿ. ಹೆಸರು ಕೊಟ್ಟ ಜೋಗದ ಲೆಕ್ಕದಲ್ಲೇ ಹೇಳುವುದಾದರೆ, 253 ಮೀಟರಿನ ಹದಿನೆಂಟು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ತುದಿ ನೀರಿನ ಮೇಲೆ ಕಾಣಿಸದು. ಅಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಬೀಳುವ ಒತ್ತಡ ಅರ್ಧ ಟನ್ನಿಗೆ ಹತ್ತಿರ. ಮುಳುಗುಗಾರರ ಮಾತಂತೂ ಇಲ್ಲವೇ ಇಲ್ಲ. 1989ರಲ್ಲಿ ಬ್ರಿಟಿಷ್ ಸರ್ಕಾರ ಒಮ್ಮೆ ಇದನ್ನು ಮೇಲೆತ್ತಲು ಗುತ್ತಿಗೆ ಕೊಟ್ಟಿತ್ತು. ಆದರೆ ಅಂದಿನ ಯಂತ್ರಗಳ ಶಕ್ತಿ ಸಾಲದೆ ಏನೂ ಆಗಲಿಲ್ಲ.

2010ರಲ್ಲಿ ಅಮೆರಿಕದ ಫ್ಲೋರಿಡಾದ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಷನ್ ಕಂಪನಿಯೊಡನೆ ಹೊಸ ಒಪ್ಪಂದವಾಯಿತು. ಹುಡುಕುವ, ಎತ್ತುವ ಖರ್ಚೆಲ್ಲ ಕಂಪನಿಯದು. ಏನೂ ಸಿಗದಿದ್ದರೆ ನಷ್ಟವೂ ಅದರದೇ. ಸಿಕ್ಕರೆ, ಖರ್ಚು ಕಳೆದು ಉಳಿದುದರಲ್ಲಿ ನೂರಕ್ಕೆ ಎಂಬತ್ತು ಪಾಲು ಕಂಪನಿಗೆ, ಇಪ್ಪತ್ತು ಸರ್ಕಾರಕ್ಕೆ. ಇಪ್ಪತ್ತು ಪಾಲು ಕಡಿಮೆಯೆನ್ನಿಸಬಹುದು. ಕೈ ಕೆಸರು ಮಾಡಿಕೊಳ್ಳದೆ ಬರುವ ಇಪ್ಪತ್ತು ಎಂದು ನೋಡಿದರೆ ಲೆಕ್ಕ ಬೇರೆ.

ನಿಧಿಯ ಹಡಗು ಹುಡುಕುವುದೆಂದರೆ ಮೊದಲು ಹಳೆಯ ಕಡತ ಹುಡುಕುವುದು. ಏರ್ಸ್ ಕೊಟ್ಟ ಹೇಳಿಕೆ, ಜರ್ಮನ್ ಜಲಾಂತರ್ಗಾಮಿಯ ದಿನಚರಿ, ವಿಮೆಯ ಪತ್ರಗಳು, ಅಂದಿನ ಗಾಳಿಯ ದಿಕ್ಕು, ದೋಣಿ ಸೇರಿದ ದಡ, ಇವೆಲ್ಲವನ್ನೂ ಒಂದಕ್ಕೊಂದು ತಾಳೆ ಹಾಕಬೇಕು. ಜಲಾಂತರ್ಗಾಮಿಯವನು ಗುರುತಿಸಿದ ಸ್ಥಳವೂ ಅಂದಾಜಿನದೇ. ಬಿರುಗಾಳಿಯ ಮೋಡದಲ್ಲಿ ನಕ್ಷತ್ರ ನೋಡಿ ನೆಲೆ ಗೊತ್ತುಮಾಡುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ನಕ್ಷೆಯ ಮೇಲೆ ಇಂತಲ್ಲಿ ಎಂದು ಚುಕ್ಕೆ ಇಡುವಂತಿಲ್ಲ. ಇಷ್ಟರೊಳಗೆ ಎಲ್ಲಾದರೂ ಎಂದು ಒಂದು ದೊಡ್ಡ ಚೌಕ ಬರೆಯಬಹುದು, ಅಷ್ಟೆ.

2011ರ ಬೇಸಿಗೆಯಲ್ಲಿ ರಷ್ಯದ ಯುಜ್‌ಮೋರ್‌ಗೆಯೊಲೊಗಿಯಾ ಎಂಬ ಸಂಶೋಧನಾ ಹಡಗನ್ನು ಬಾಡಿಗೆಗೆ ಪಡೆದು ಆ ಚೌಕವನ್ನು ಉಳಲು ಆರಂಭಿಸಿದರು. ಉಳುವುದು ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಸೋನಾರ್ ಯಂತ್ರವನ್ನು ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್ಲಿಗೆ ಕಟ್ಟಿ ತಳದ ಹತ್ತಿರಕ್ಕೆ ಇಳಿಬಿಡುತ್ತಾರೆ. ಹಡಗು ಮೇಲೆ ಮೆಲ್ಲಗೆ ಸಾಗುತ್ತದೆ, ಯಂತ್ರ ಕೆಳಗೆ ಎಡಬಲಕ್ಕೆ ಶಬ್ದದ ಅಲೆಗಳನ್ನು ಕಳಿಸಿ ಮರಳಿದ ಪ್ರತಿಧ್ವನಿಯಿಂದ ತಳದ ಚಿತ್ರ ಬರೆಯುತ್ತದೆ. ಒಂದು ಸಾಲು ಮುಗಿದರೆ ಎತ್ತು ತಿರುಗಿಸಿದಂತೆ ಹಡಗನ್ನು ತಿರುಗಿಸಿ ಪಕ್ಕದ ಸಾಲು. ಅಷ್ಟುದ್ದದ ಕೇಬಲ್ ಎಳೆದುಕೊಂಡು ತಿರುಗುವುದೇ ದೊಡ್ಡ ಕೆಲಸ. ಕಡಿಮೆ ಕಂಪನಾಂಕದ ಶಬ್ದ ಬಳಸಿದರೆ ಅಗಲ ಹೆಚ್ಚು ಸಿಗುತ್ತದೆ, ಆದರೆ ಚಿತ್ರ ಮಸುಕು. ಕಂಡದ್ದು ಹಡಗೋ ಬಂಡೆಯೋ ತಿಳಿಯಲು ಕಣ್ಣು ಬೇಕು.

ಆ ಕಣ್ಣು ಎಂದರೆ ದೂರದಿಂದ ನಡೆಸುವ ಯಂತ್ರಮಾನವ. ಕಂಪನಿಯ ಸ್ವಂತ ಹಡಗಾದ ಒಡಿಸ್ಸಿ ಎಕ್ಸ್‌ಪ್ಲೋರರ್ ಬಂದು, ದೀಪ, ಕ್ಯಾಮೆರಾ, ಲೋಹದ ಕೈಗಳಿರುವ ಯಂತ್ರವನ್ನು ಕೆಳಗಿಳಿಸಿತು. ಗೈರ್‌ಸೊಪ್ಪಾ ತಳದಲ್ಲಿ ನೆಟ್ಟಗೆ ಕುಳಿತಿತ್ತು. ಪಕ್ಕೆಯಲ್ಲಿ ಟಾರ್ಪೆಡೊ ಹೊಡೆದ ತೂತು ಹಾಗೆಯೇ ಇತ್ತು. ಸರಕಿನ ಕೋಣೆಗಳ ಬಾಯಿ ತೆರೆದಿತ್ತು. ಎಲ್ಲಿಯೂ ಹೆಸರು ಬರೆದ ಫಲಕ ಸಿಗದಿದ್ದರೂ ಹಡಗಿನ ಅಳತೆ, ಬಣ್ಣ, ಲಂಗರು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಚಹಾ ಪೆಟ್ಟಿಗೆಗಳ ಅವಶೇಷ ಅದರ ಗುರುತು ಹೇಳಿದವು. 2011ರ ಸೆಪ್ಟೆಂಬರ್‌ನಲ್ಲಿ ಪತ್ತೆಯ ಸುದ್ದಿ ಪ್ರಕಟವಾಯಿತು.

ಬೆಳ್ಳಿ ಸಿಕ್ಕಿದ್ದು ಮುಂದಿನ ವರ್ಷ. 2012ರ ಜುಲೈನಲ್ಲಿ ಸುಮಾರು 1,200 ಗಟ್ಟಿಗಳು, ಅಂದರೆ 14 ಲಕ್ಷ ಔನ್ಸ್ ಬೆಳ್ಳಿ ಮೇಲೆ ಬಂತು. ಆಗಿನ ದರದಲ್ಲಿ ಇದರ ಬೆಲೆ ಸುಮಾರು 3 ಕೋಟಿ 80 ಲಕ್ಷ ಡಾಲರ್. 2013ರಲ್ಲಿ ಮತ್ತೆ 1,574 ಗಟ್ಟಿಗಳು. ಒಟ್ಟು 2,792 ಗಟ್ಟಿ, 32 ಲಕ್ಷ ಔನ್ಸ್. ಒಂದೊಂದು ಗಟ್ಟಿಯ ತೂಕ 35 ಕಿಲೋ. ಉಳಿದ ಬೆಳ್ಳಿ ಸುಲಭವಾಗಿ ಕೈಹಾಕಲಾಗದ ಇಕ್ಕಟ್ಟಿನ ಕೋಣೆಯಲ್ಲಿದ್ದುದರಿಂದ ಎರಡನೆಯ ಕಂತಿಗೆ ಒಂದು ವರ್ಷ ಕಾಯಬೇಕಾಯಿತು. ವಿಮೆ ಮಾಡಿದ್ದ ಬೆಳ್ಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಸಿಕ್ಕಿತು. ಎಪ್ಪತ್ತೆರಡು ವರ್ಷ ಕಡಲಿನಲ್ಲಿದ್ದ ಸರಕಿನ ಲೆಕ್ಕ ಇಷ್ಟು ಸರಿಯಾಗಿ ತಾಳೆಯಾದದ್ದು ಅಪರೂಪ. ವಿಮೆ ಮಾಡದ ಸರ್ಕಾರಿ ಬೆಳ್ಳಿಯೂ ಹಡಗಿನಲ್ಲಿತ್ತು, ಎಲ್ಲ ಸೇರಿ 70 ಲಕ್ಷ ಔನ್ಸ್ ಇರಬಹುದು ಎಂಬ ಮಾತು ಮೊದಲಿನಿಂದ ಇತ್ತು. ಆ ಬೆಳ್ಳಿ ಮಾತ್ರ ಕಾಣಿಸಲಿಲ್ಲ. ನಿಧಿಯ ಕಥೆಗಳಲ್ಲಿ ಹೀಗೆ ಅರ್ಧದಷ್ಟು ನಿಧಿ ಸದಾ ಕಥೆಯಲ್ಲಿಯೇ ಉಳಿಯುತ್ತದೆ.

ಸಿಕ್ಕ ಬೆಳ್ಳಿಯ ಒಂದಿಷ್ಟು ಭಾಗದಿಂದ ಬ್ರಿಟನ್ನಿನ ರಾಯಲ್ ಮಿಂಟ್ ಕಾಲು ಔನ್ಸಿನ 20,000 ಬ್ರಿಟಾನಿಯಾ ನಾಣ್ಯಗಳನ್ನು ಮುದ್ರಿಸಿ 2014ರಲ್ಲಿ ಮಾರಿತು. ಮುಖಬೆಲೆ 50 ಪೆನ್ಸ್. ಒಂದು ಮುಖದಲ್ಲಿ ರಾಣಿ ಎಲಿಜಬೆತ್, ಇನ್ನೊಂದರಲ್ಲಿ ತ್ರಿಶೂಲ ಹಿಡಿದ ಬ್ರಿಟಾನಿಯಾ ದೇವಿ. ಅಂಚಿನ ಸುತ್ತ ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಓದಲು ಬರುವ 'ಎಸ್.ಎಸ್. ಗೈರ್‌ಸೊಪ್ಪಾ' ಎಂಬ ಅಕ್ಷರಗಳು. ಹೊನ್ನಾವರ ತಾಲೂಕಿನ ಊರೊಂದರ ಹೆಸರು ಇಂಗ್ಲೆಂಡಿನ ನಾಣ್ಯದ ಮೇಲೆ ಬಂದದ್ದು ಹೀಗೆ.

ಯಾರ ಬೆಳ್ಳಿ?

ಕಲ್ಕತ್ತೆಯಲ್ಲಿ ಹೇರಿದ ಬೆಳ್ಳಿ ಲಂಡನ್ನಿಗೆ ಏಕೆ ಸೇರಬೇಕು ಎಂಬ ಪ್ರಶ್ನೆ ಭಾರತೀಯ ಓದುಗನಿಗೆ ಬಂದರೆ ಆಶ್ಚರ್ಯವಿಲ್ಲ. ಕಾನೂನಿನ ಉತ್ತರ ಮಾತ್ರ ಚುಟುಕಾಗಿದೆ. ಸರಕು ಯಾವ ಬಂದರಿನಲ್ಲಿ ಹೇರಲ್ಪಟ್ಟಿತು ಎಂಬುದು ಮುಖ್ಯವಲ್ಲ, ಮುಳುಗುವಾಗ ಅದು ಯಾರದಾಗಿತ್ತು, ಪರಿಹಾರ ಯಾರು ಕೊಟ್ಟರು ಎಂಬುದಷ್ಟೇ ಮುಖ್ಯ. ಆ ಪರೀಕ್ಷೆಯಲ್ಲಿ ಬ್ರಿಟನ್ನಿನ ಹಕ್ಕು ಗಟ್ಟಿಯಾದದ್ದೇ. ಆದರೆ ವಸಾಹತು ಕಾಲದ ಕಾಗದಪತ್ರಗಳಲ್ಲಿ ಒಡೆತನ ಎಂಬ ಮಾತೇ ಒಂದು ಕಡೆಯವರು ಬರೆದದ್ದು ಎಂಬುದೂ ಅಷ್ಟೇ ನಿಜ.

ಇದೇ ಒಡಿಸ್ಸಿ ಕಂಪನಿ ಗೈರ್‌ಸೊಪ್ಪಾದ ಬೆಳ್ಳಿ ಎತ್ತುವ ಕೆಲವೇ ತಿಂಗಳ ಮೊದಲು ಇನ್ನೊಂದು ನಿಧಿಯನ್ನು ಕಳೆದುಕೊಂಡಿತ್ತು. 1804ರಲ್ಲಿ ಪೋರ್ಚುಗಲ್ಲಿನ ಕರಾವಳಿಯ ಬಳಿ ಬ್ರಿಟಿಷರ ಗುಂಡಿಗೆ ಸಿಡಿದು ಮುಳುಗಿದ ಮರ್ಸಿಡಿಸ್ ಎಂಬ ಸ್ಪೇನಿನ ನೌಕೆಯಿಂದ ಕಂಪನಿ 2007ರಲ್ಲಿ ಸುಮಾರು 17 ಟನ್ ನಾಣ್ಯಗಳನ್ನು, ಎಣಿಕೆಯಲ್ಲಿ ಆರು ಲಕ್ಷಕ್ಕೆ ಹತ್ತಿರ, ಎತ್ತಿ ಫ್ಲೋರಿಡಾಕ್ಕೆ ಸಾಗಿಸಿತ್ತು. ಅದು ಯುದ್ಧನೌಕೆ, ಯುದ್ಧನೌಕೆ ಎಷ್ಟು ಕಾಲವಾದರೂ ಅದರ ದೇಶದ್ದೇ ಎಂದು ಸ್ಪೇನ್ ವಾದಿಸಿತು. ನಾಣ್ಯಗಳಿಗೆ ಬೆಳ್ಳಿ ಬಂದದ್ದು ತನ್ನ ನೆಲದಿಂದ, ಅವುಗಳನ್ನು ಮುದ್ರಿಸಿದ್ದು ತನ್ನಲ್ಲಿ ಎಂದು ಪೆರು ದೇಶವೂ ನಡುವೆ ಬಂತು. ಅಮೆರಿಕದ ನ್ಯಾಯಾಲಯಗಳು ಸ್ಪೇನಿನ ಪರವಾಗಿ ತೀರ್ಪು ಕೊಟ್ಟವು. 2012ರ ಫೆಬ್ರುವರಿಯಲ್ಲಿ ಸ್ಪೇನಿನ ಎರಡು ಸೇನಾ ವಿಮಾನಗಳು ಬಂದು ನಾಣ್ಯಗಳನ್ನು ತುಂಬಿಕೊಂಡು ಹೋದವು. ಪೆರುವಿಗೆ ಏನೂ ಸಿಗಲಿಲ್ಲ. ಗಣಿಯಲ್ಲಿ ದುಡಿದವರ ಮೊಮ್ಮಕ್ಕಳ ಮಾತಿಗೆ ಕಡಲ ಕಾನೂನಿನಲ್ಲಿ ಜಾಗವಿಲ್ಲ.

ಗೈರ್‌ಸೊಪ್ಪಾದ ಕಂಪನಿಯದೇ ಆದ ತಿಲಾವಾ ಎಂಬ ಹಡಗಿನ ಕಥೆ ಇನ್ನೂ ಹೊಸದು. 1942ರ ನವೆಂಬರ್‌ನಲ್ಲಿ ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ಈ ಹಡಗನ್ನು ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು. ಸುಮಾರು 280 ಮಂದಿ ಸತ್ತರು. ಅವರಲ್ಲಿ ಬಹುಮಂದಿ ಭಾರತೀಯ ಪ್ರಯಾಣಿಕರು ಮತ್ತು ನಾವಿಕರು. ಹಡಗಿನಲ್ಲಿ ನಾಣ್ಯ ಮುದ್ರಿಸಲೆಂದು ದಕ್ಷಿಣ ಆಫ್ರಿಕ ಸರ್ಕಾರ ಕೊಂಡಿದ್ದ ಬೆಳ್ಳಿ ಇತ್ತು. ಖಾಸಗಿ ಕಂಪನಿಯೊಂದು 2017ರಲ್ಲಿ 2,364 ಗಟ್ಟಿಗಳನ್ನು ಸದ್ದಿಲ್ಲದೆ ಎತ್ತಿ ಇಂಗ್ಲೆಂಡಿಗೆ ತಂದು ಕೂಲಿ ಕೇಳಿತು. ಕೆಳಗಿನ ನ್ಯಾಯಾಲಯಗಳು ಕಂಪನಿಯ ಕಡೆ ನಿಂತರೂ, 2024ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ದಕ್ಷಿಣ ಆಫ್ರಿಕದ ಪರವಾಗಿ ತೀರ್ಪಿತ್ತಿತು. ಒಂದು ದೇಶ ನಾಣ್ಯಕ್ಕಾಗಿ ಕೊಂಡ ಬೆಳ್ಳಿ ವ್ಯಾಪಾರದ ಸರಕಲ್ಲ, ಅದರ ಮೇಲೆ ಹೀಗೆ ದಾವೆ ಹೂಡಲಾಗದು ಎಂಬುದು ತೀರ್ಪಿನ ಸಾರ. ಮೂರು ಹಡಗು, ಮೂರು ಬಗೆಯ ನ್ಯಾಯ. ಒಂದರಲ್ಲಿ ನೌಕೆಯ ಒಡೆತನ ಗೆದ್ದಿತು, ಒಂದರಲ್ಲಿ ಒಪ್ಪಂದ, ಇನ್ನೊಂದರಲ್ಲಿ ಬೆಳ್ಳಿಯ ಉದ್ದೇಶ.

ಮುಂಬಯಿಯಿಂದ ಹೊರಟು 1942ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿದ ಸಿಟಿ ಆಫ್ ಕೈರೋ ಹಡಗಿನಿಂದ ಸುಮಾರು ನೂರು ಟನ್ ಬೆಳ್ಳಿ ರೂಪಾಯಿಗಳ ಬಹುಭಾಗವನ್ನು ಎತ್ತಲಾಗಿದೆ ಎಂದು 2015ರಲ್ಲಿ ಪ್ರಕಟವಾಯಿತು. ಆ ಆಳ 5,150 ಮೀಟರ್, ಗೈರ್‌ಸೊಪ್ಪಾದ ದಾಖಲೆಯನ್ನೂ ಮೀರಿದ್ದು. ಆ ರೂಪಾಯಿಗಳೂ ಬ್ರಿಟನ್ನಿನ ಖಜಾನೆಯವೇ ಎಂದು ಲೆಕ್ಕ.

ಮುಳುಗಿದ ಹಡಗು ಗೋರಿಯೋ ಉಗ್ರಾಣವೋ ಎಂಬ ಜಗಳವೂ ಇದರ ಜೊತೆಗಿದೆ. ನೀರಿನಡಿಯ ಪರಂಪರೆಯನ್ನು ಕಾಪಾಡಲು ಯುನೆಸ್ಕೋ 2001ರಲ್ಲಿ ಮಾಡಿದ ಒಡಂಬಡಿಕೆ, ನೂರು ವರ್ಷ ನೀರಿನಲ್ಲಿದ್ದುದನ್ನು ವ್ಯಾಪಾರಕ್ಕಾಗಿ ಕೆದಕಬಾರದು ಎನ್ನುತ್ತದೆ. ಗೈರ್‌ಸೊಪ್ಪಾಕ್ಕೆ ಆ ವಯಸ್ಸು ತುಂಬುವುದು 2041ರಲ್ಲಿ. ಪುರಾತತ್ವಜ್ಞರು ನಿಧಿ ಹುಡುಕುವ ಕಂಪನಿಗಳನ್ನು ಅನುಮಾನದಿಂದ ನೋಡುವುದು ಸಹಜ, ಏಕೆಂದರೆ ಕಂಪನಿಗೆ ಬೇಕಾದದ್ದು ಬೆಲೆ ಬಾಳುವುದು, ಇತಿಹಾಸಕ್ಕೆ ಬೇಕಾದದ್ದು ಬಹುಪಾಲು ಬೆಲೆ ಬಾಳದ್ದು. ಆದರೂ ಬೆಳ್ಳಿಯ ಆಸೆಯಿಲ್ಲದೆ ಆ ಆಳಕ್ಕೆ ಯಾರೂ ಇಳಿಯುತ್ತಿರಲಿಲ್ಲ ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ. ಇದಕ್ಕೆ ಸಾಕ್ಷಿ ಬೆಳ್ಳಿಯೊಡನೆ ಮೇಲೆ ಬಂದ ಕಾಗದಗಳು.

ಅಂಚೆಯ ಚೀಲಗಳು ಬಿದ್ದಿದ್ದ ಜಾಗದಲ್ಲಿ ಏಳುನೂರಕ್ಕೂ ಹೆಚ್ಚು ಪತ್ರಗಳು ಉಳಿದಿದ್ದವು. ಕಾಗದ ನೀರಿನಲ್ಲಿ ಎಪ್ಪತ್ತು ವರ್ಷ ಉಳಿಯುವುದೆಂದರೆ ನಂಬುವ ಮಾತಲ್ಲ. ಆದರೆ ಪತ್ರಗಳು ಒಂದರ ಮೇಲೊಂದು ಒತ್ತಿಕೊಂಡು, ಬೇರೆ ಸರಕಿನ ಅಡಿಯಲ್ಲಿ ಹೂತುಹೋಗಿದ್ದವು. ಅಲ್ಲಿಗೆ ಬೆಳಕಿಲ್ಲ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಚಳಿ ಸದಾ ಒಂದೇ ಸಮ. ಕೊಳೆಸುವ ಜೀವಿಗಳಿಗೆ ಬದುಕಲು ದಾರಿಯೇ ಇರಲಿಲ್ಲ. ಮುದ್ದೆಯಾಗಿದ್ದ ಕಾಗದವನ್ನು ತಜ್ಞರು ಹಾಳೆ ಹಾಳೆಯಾಗಿ ಬಿಡಿಸಿದರು. ಭಾರತದಲ್ಲಿದ್ದ ಸೈನಿಕರು, ಪಾದ್ರಿಗಳು, ವ್ಯಾಪಾರಿಗಳು 1940ರ ಕೊನೆಯಲ್ಲಿ ತಮ್ಮವರಿಗೆ ಬರೆದ ಕ್ಷೇಮ ಸಮಾಚಾರ, ಕ್ರಿಸ್‌ಮಸ್ ಶುಭಾಶಯ, ಹಣಕಾಸಿನ ಲೆಕ್ಕ ಅವುಗಳಲ್ಲಿದ್ದವು. ವಜೀರಿಸ್ತಾನದ ಗಡಿಯಲ್ಲಿದ್ದ ಒಬ್ಬ ಸಿಪಾಯಿ, ತನ್ನನ್ನು ಮದುವೆಯಾಗಲು ಒಪ್ಪಿದ ಹುಡುಗಿಗೆ ಆನಂದದಿಂದ ಬರೆದ ಪತ್ರವೂ ಇತ್ತು. ಉತ್ತರ ಬಾರದೆ ಆಕೆ ಬೇರೊಬ್ಬನನ್ನು ಮದುವೆಯಾಗಿದ್ದಳು. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಈ ಪತ್ರಗಳ ಪ್ರದರ್ಶನ ಏರ್ಪಡಿಸಿದ ಕಾಲಕ್ಕೆ, ನೂರರ ಹತ್ತಿರವಿದ್ದ ಆ ಮುದುಕಿಗೆ ಆ ಪತ್ರವನ್ನು ಓದಿ ಹೇಳಿದರು.

ಅದೇ ಹಡಗಿನಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರ, ಡೆಕ್ ತೊಳೆಯುತ್ತಿದ್ದವರ, ಅಡಿಗೆ ಮಾಡುತ್ತಿದ್ದವರ ಕಥೆ ಮಾತ್ರ ಇಷ್ಟು ವಿವರವಾಗಿ ಸಿಗುವುದಿಲ್ಲ. ಗೈರ್‌ಸೊಪ್ಪಾದಲ್ಲಿ ಸತ್ತವರಲ್ಲಿ ಬಹುಸಂಖ್ಯೆಯವರು ಲಸ್ಕರ್‌ಗಳೇ. ಕಲ್ಕತ್ತೆಯ ಬಂದರಿನಲ್ಲಿ ಇವರನ್ನು ಹಡಗಿಗೆ ಸೇರಿಸಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಸಿಲ್ಹೆಟ್, ನೊವಾಖಾಲಿ, ಚಿತ್ತಗಾಂಗ್ ಕಡೆಯ ಹಳ್ಳಿಗಳಿಂದ. ಅದೇ ಕೆಲಸಕ್ಕೆ ಬ್ರಿಟಿಷ್ ನಾವಿಕನಿಗೆ ಸಿಗುವ ಸಂಬಳದ ಒಂದು ಸಣ್ಣ ಪಾಲು ಇವರಿಗೆ ಸಿಗುತ್ತಿತ್ತು. 1939ರಲ್ಲಿ ಯುದ್ಧ ಶುರುವಾದೊಡನೆ ಇಂಗ್ಲೆಂಡಿನ ಬಂದರುಗಳಲ್ಲಿ ಭಾರತೀಯ ನಾವಿಕರು ಸಂಬಳ ಹೆಚ್ಚಿಸದೆ ಹಡಗು ಹತ್ತುವುದಿಲ್ಲವೆಂದು ಮುಷ್ಕರ ಹೂಡಿದ್ದರು. ಕೆಲವರು ಜೈಲಿಗೂ ಹೋದರು. ಟಾರ್ಪೆಡೊಗೆ ಸಂಬಳದ ಭೇದವಿಲ್ಲ ಎಂಬುದೇ ಅವರ ವಾದವಾಗಿತ್ತು.

ದೋಣಿಯೊಡನೆ ದಡ ಸೇರಿದ ಕೆಲವು ಶವಗಳನ್ನು ಲಿಜರ್ಡ್ ಬಳಿಯ ಲ್ಯಾಂಡ್‌ವೆಡ್ನಾಕ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹೂಳಿದರು. ಗೋರಿಯೇ ಇಲ್ಲದ ನಾವಿಕರಿಗಾಗಿ ಲಂಡನ್ನಿನ ಟವರ್ ಹಿಲ್‌ನಲ್ಲಿ ಸ್ಮಾರಕವಿದೆ. ಕ್ಯಾಪ್ಟನ್ ಹೈಲ್ಯಾಂಡ್‌ನಂಥವರ ಹೆಸರು ಅಲ್ಲಿ ಹಡಗಿನ ಹೆಸರಿನ ಕೆಳಗೆ ಕಂಚಿನ ಫಲಕದ ಮೇಲಿದೆ. ಎರಡನೇ ಮಹಾಯುದ್ಧದಲ್ಲಿ ಹೀಗೆ ಕಡಲ ಪಾಲಾದ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರುಗಳು ಆ ಕಂಚಿನ ಮೇಲಿಲ್ಲ. ಅವು ಒಂದು ಪುಸ್ತಕದಲ್ಲಿವೆ. ಆ ಪುಸ್ತಕದ ಒಂದು ಪ್ರತಿ ಮುಂಬಯಿಯ ನಾವಿಕರ ವಸತಿಗೃಹದಲ್ಲಿದೆ, ಇನ್ನೊಂದು ಬಾಂಗ್ಲಾದೇಶದ ಚಿತ್ತಗಾಂಗ್‌ನ ಯುದ್ಧಸ್ಮಶಾನದ ಬಾಗಿಲಲ್ಲಿ.